ಬಿಂದುವಿನ ಮುಂದಿನ ಸೊನ್ನೆ

ಗಿಮರಾಸ್ ದ್ವೀಪದಿಂದ ಇಲೊಯಿಲೊ ಪಟ್ಟಣಕ್ಕೆ
ದೋಣಿಯಲ್ಲಿ ಕಾಲು ಗಂಟೆ.
ಅಷ್ಟರೊಳಗೆ ತಲೆಯ ಹನ್ನೆರಡು ಜೊತೆ ನರಗಳು
ಬಾಯಿಗೆ ಬಂದುಬಿಡಬೇಕು.
ಎಂಜಿನ್ನಿನ ಗದ್ದಲದಲ್ಲಿ ಗಟ್ಟಿಯಾಗಿಯೇ ಒದರುತ್ತೇನೆ;
ಮೀನಬುಟ್ಟಿ ಮಡಿಲಲ್ಲಿಟ್ಟುಕೊಂಡ ಮುದುಕಿ
ಇದೇನೋ ಪ್ರಾರ್ಥನೆಯೆಂದು
ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಾಳೆ.

ಹೆಸರು ಹೆರ್ಮಿನಿಯಾ. ವಯಸ್ಸು ಮೂವತ್ತಾರು.
ಇದೇ ದೋಣಿಕಟ್ಟೆಯಲ್ಲಿ ಹದಿನಾಲ್ಕು ವರ್ಷ ಟಿಕೆಟ್ ಹರಿದವಳು.
ಈಗ ಬಿಳಿ ಸಮವಸ್ತ್ರ, ಬಿಳಿ ಬೂಟು,
ಬೂಟಿನೊಳಗೆ ಉಪ್ಪುನೀರು.
ಕ್ಲಾಸಿನ ಮಕ್ಕಳು ಮನಾಂಗ್ ಅನ್ನುತ್ತಾರೆ, ಅಂದರೆ ಅಕ್ಕ;
ಅಕ್ಕಾ ಅನ್ನುವುದು, ನೋಟ್ಸು ಕೇಳುವುದು
ಎರಡೂ ಒಂದೇ ಉಸಿರಿಗೆ.

ಮೊದಲ ಸೂಜಿ ಚಕ್ಕೋತಕ್ಕೆ.
ಎರಡನೆಯದೂ ಚಕ್ಕೋತಕ್ಕೇ.
ಮೂರನೆಯದು ಡೆಲ್ಫಿನನ ತೋಳಿಗೆ;
ಅವನು ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದ.
ನಾನೂ ಕಣ್ಣು ಮುಚ್ಚಿದ್ದೆನೆಂದು
ಅವನಿಗೆ ಇವತ್ತಿಗೂ ಹೇಳಿಲ್ಲ.

ಮೇಡಂ ಪಾಲ್ಮರೆಸ್ ನಾವು ಹಾಸಿದ ಹಾಸಿಗೆಗೆ
ಒಂದು ಪೆಸೊ ನಾಣ್ಯ ಎಸೆಯುತ್ತಾರೆ.
ಪುಟಿಯದಿದ್ದರೆ, ಕಿತ್ತು ಮತ್ತೆ ಹಾಸು.
ಔಷಧದ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಬಂದರೆ
ಅವರ ಪ್ರಕಾರ ನಪಾಸು.

ನನ್ನ ಉತ್ತರ ಬಿಂದು ಐದು. ಉತ್ತರ ಸರಿ.
ಆದರೂ ಕೆಂಪು ಗೀಟು.
'ಸೊನ್ನೆ ಎಲ್ಲಿ, ಬಿಂದುವಿನ ಮುಂದೆ?' ಅಂದರು.
'ಬಿಂದು ಅಂದರೆ ನೊಣದ ಹಿಕ್ಕೆಯಷ್ಟು.
ರಾತ್ರಿಪಾಳಿಯ ಮಂಕುದೀಪಕ್ಕೆ ಕಾಣದು.
ಕಾಣದಿದ್ದರೆ ಅರ್ಧ ಹೋಗಿ ಐದು.
ಐದಾದರೆ ಮಗು ಬೆಳಿಗ್ಗೆ ಏಳುವುದಿಲ್ಲ.
ಮುಂದೆ ಸೊನ್ನೆ ಇರಲೇಬೇಕು, ಕಾವಲಿಗೆ.
ಹಿಂದೆ ಮಾತ್ರ ಬೇಡ. ಹಿಂದಿನ ಸೊನ್ನೆ
ಬಿಂದು ಅಳಿಸಿದರೆ ಹತ್ತು ಪಟ್ಟು.'

ಲಾ ಪಾಸ್ ಮಾರುಕಟ್ಟೆಯಲ್ಲಿ
ಬಚೊಯ್ ಶ್ಯಾವಿಗೆಯ ಬಟ್ಟಲ ಮುಂದೆ ಕೂತು ಅತ್ತೆ.
ಫೀಸಿಗೆಂದು ಮಾರಿದ ಹೊಲಿಗೆ ಯಂತ್ರ ನೆನಪಾಯಿತು,
ಅದರ ಗಾಲಿಯೂ ಸೊನ್ನೆಯ ಹಾಗೇ ಇತ್ತು.
ಅಂಗಡಿಯವನು ಏನೂ ಕೇಳಲಿಲ್ಲ.
ಇನ್ನೊಂದು ಸೌಟು ಸಾರು ಸುರಿದು ಹೋದ.

ಮೂರನೆಯ ವರ್ಷ. ಸರ್ಕಾರಿ ಆಸ್ಪತ್ರೆ, ರಾತ್ರಿ.
ಉಸಿರಾಟದ ಯಂತ್ರಗಳು ಮೂರು, ಬೇಕಾದವರು ಐವರು.
ಹದಿನಾರರ ಹುಡುಗನೊಬ್ಬ
ಅಪ್ಪನ ಬಾಯಿಗಿಟ್ಟ ನಳಿಗೆಯ ತುದಿಯ ರಬ್ಬರು ಚೀಲ
ಹಿಂದಿನ ಸಂಜೆಯಿಂದ ಒತ್ತುತ್ತಿದ್ದ.
ಬೆರಳುಗಳು ನೆನೆಸಿದ ಕಡಲೆಯಂತೆ ಉಬ್ಬಿದ್ದವು.
ನನಗೆ ಸೂಜಿ ಮುಟ್ಟುವ ಹಾಗಿಲ್ಲ,
ಚಾರ್ಟಿಗೆ ಸಹಿ ಹಾಕುವ ಹಾಗಿಲ್ಲ.
ಆ ವಾರ್ಡಿನಲ್ಲಿ ನನಗೆ ಯಾವ ಬೆಲೆಯೂ ಇರಲಿಲ್ಲ.
ಆ ಮಂಚದ ಮುಂದೆ ನಿಲ್ಲಬಹುದಿತ್ತು, ಅಷ್ಟೆ.
ನಿಂತೆ.

'ಕೊಡು' ಅಂದೆ.
ಹುಡುಗ ಮಂಚದಡಿಯ ರಟ್ಟಿನ ಮೇಲೆ ಕುಸಿದ.
ಒತ್ತು. ಬಿಡು. ಎರಡು, ಮೂರು, ನಾಲ್ಕು, ಐದು. ಒತ್ತು.
ಎಣಿಕೆ ಜಾರತೊಡಗಿದಾಗ
ಹನ್ನೆರಡು ನರಗಳ ಹೆಸರು ಹಿಡಿದುಕೊಂಡೆ,
ಒಂದೊಂದು ಹೆಸರಿಗೆ ಒಂದೊಂದು ಉಸಿರು.
ಕೆಳಗಿನಿಂದ ದನಿ ಬಂತು: 'ನೀವು ನರ್ಸಾ?'
'ಇನ್ನೂ ಅಲ್ಲ. ಮಲಗು.'
ಕಿಟಕಿ ಬೆಳ್ಳಗಾಗುವಾಗ ಮೇಡಂ ಬಂದು
ನನ್ನ ಕೈ ನೋಡಿದರು, ರೋಗಿಯ ಎದೆ ನೋಡಿದರು,
ತಮ್ಮ ವಾಚು ಬಿಚ್ಚಿ ಜೇಬಿಗಿಟ್ಟು
'ಸರಿ, ನಾನು' ಅಂದರು.

ಆ ಅಪ್ಪ ಉಳಿದನೇ, ನನಗೆ ಗೊತ್ತಿಲ್ಲ.
ಸೋಮವಾರ ನಮ್ಮನ್ನು ಹೆರಿಗೆ ವಾರ್ಡಿಗೆ ಹಾಕಿದರು.

ಮಧ್ಯಾಹ್ನದ ದೋಣಿ. ಟಿಕೆಟ್ಟಿನ ಹೊಸ ಹುಡುಗಿ
ಕಟ್ಟೆ ಸುಂಕದ ಚೀಟಿ ಹರಿದು ಕೊಟ್ಟಳು,
ಐವತ್ತು ಸೆಂಟಾವೊ.
ಅಚ್ಚಾಗಿದ್ದದ್ದು: ಬಿಂದು, ಐದು, ಸೊನ್ನೆ.
ಹದಿನಾಲ್ಕು ವರ್ಷ ಇದನ್ನೇ ಹರಿದಿದ್ದೆ.
ಪೆನ್ನು ತೆಗೆದೆ. ಬೆರಳು ಇನ್ನೂ ನಡುಗುತ್ತಿತ್ತು.
ಮುಂದೊಂದು ಸೊನ್ನೆ ಬರೆದು
ಹಿಂದಿನದನ್ನು ಹೊಡೆದುಹಾಕಿದೆ.

'ದುಡ್ಡು ಅಷ್ಟೇ ಅಲ್ಲವೇ, ಮನಾಂಗ್?' ಅಂದಳು.
ಅಷ್ಟೇ, ಅಂದೆ.