ಒರೆಸುವ ಬಟ್ಟೆ

ಪೋರ್ಟ್ ಪಿರಿಯಲ್ಲಿ ಮಕ್ಕಳ ಬೆರಳು ಚುಚ್ಚುವುದು ನನ್ನ ಕೆಲಸ.
ಒಂದೇ ಹನಿ. ಗಾಜಿನ ಕಡ್ಡಿಗೇರಿಸಿ, ಹೆಸರು ಬರೆದು,
ಕಾಂಗರೂ ಸ್ಟಿಕರ್ ಕೊಟ್ಟು ಕಳಿಸುತ್ತೇನೆ.
ಎರಡು ವರ್ಷದ ಕೋಬಿ ಅಳುವುದಿಲ್ಲ, ಅವನಿಗಿದು ಆರನೇ ಸಲ.
ಬೆರಳನ್ನು ತಾನೇ ಚಾಚುತ್ತಾನೆ,
ಬಳೆಗಾರನ ಮುಂದೆ ಕೈ ಚಾಚಿದ ಹಾಗೆ.

ಹನಿಯಲ್ಲಿ ಸೀಸ ಎಷ್ಟು ಎಂದು ಯಂತ್ರ ಹೇಳುತ್ತದೆ.
ಯಾರದು ಎಂದು ಹೇಳುವುದಿಲ್ಲ.

ಅವನ ಅಜ್ಜಿ ಡೆಲ್ವೀನ್‌ಗೆ ನಮ್ಮ ಪಟ್ಟಿ ಬಾಯಿಪಾಠ:
ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.
ಉಗುರು ಕತ್ತರಿಸಿ. ಚಿಮಣಿಯ ಕಡೆಯಿಂದ ಗಾಳಿ ಎದ್ದರೆ
ಒಗೆದದ್ದನ್ನು ಒಳಗೆ ತನ್ನಿ.
ಆಟದ ಲಾರಿಯ ಚಕ್ರವನ್ನೂ ತೊಳೆಯಿರಿ.
ದಿನಕ್ಕೆರಡು ಸಲ ಮನೆಯನ್ನು
ಜ್ವರದ ಮಗುವಿನ ಮೈ ಒರೆಸಿದಂತೆ ಒರೆಸುತ್ತಾಳೆ.
ಸಂಜೆಗೆ ಮತ್ತೆ ಕಿಟಕಿಯಂಚಿನಲ್ಲಿ
ಹಿಟ್ಟಿಗಿಂತ ನುಣ್ಣಗೆ, ಬೂದುಬಣ್ಣದ, ಕರೆಯದ ನೆಂಟ.

ಹೋದ ಗುರುವಾರ ಟೌನ್ ಹಾಲಿನಲ್ಲಿ ಸಭೆ.
ಅಡಿಲೇಡ್‌ನಿಂದ ಹಾಲ್‌ಗ್ರೆನ್ ಎಂಬ ಅರ್ಥಶಾಸ್ತ್ರಜ್ಞ ಬಂದಿದ್ದ.
ಒಳ್ಳೆಯ ಮನುಷ್ಯ, ಬಿಸ್ಕತ್ತನ್ನು ಚಹದಲ್ಲಿ ಅದ್ದಿ ತಿನ್ನುವವ.
ಗೋಡೆಯ ಮೇಲೊಂದು ಗೆರೆ ತೋರಿಸಿದ,
ಬಹಳ ಹೊತ್ತು ನೆಲಕ್ಕೊರಗಿ ಹರಿದು
ಕೊನೆಗೆ ಹೆಡೆಯೆತ್ತಿ ನಿಂತ ಗೆರೆ.
"ಮೊದಲ ಅರ್ಧ ಧೂಳು ತಡೆಯುವುದು ಅಗ್ಗ.
ಕೊನೆಯ ಹಿಡಿಗೆ ಮಾತ್ರ
ಅಲ್ಲಿತನಕ ಸುರಿದಷ್ಟೂ ಮತ್ತೆ ಸುರಿಯಬೇಕು.
ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ."

ಯಾರೂ ತುಟಿ ಬಿಚ್ಚಲಿಲ್ಲ. ಕೂತವರಲ್ಲಿ ಅರ್ಧ ಜನರ
ಮನೆಸಾಲ, ಹಲ್ಲಿನ ಡಾಕ್ಟರ ಬಿಲ್ಲು
ಇಳಿಯುವುದು ಅದೇ ಚಿಮಣಿಯಿಂದ. ಕೋಬಿಯ ಅಪ್ಪ ರಸ್ ಕೂಡ
ಕುಲುಮೆಯ ಪಾಳಿಯವನು. ಅಲ್ಲೇ ಮಿಂದು, ಬಟ್ಟೆ ಬದಲಿಸಿ,
ಬೂಟು ಹೊಸ್ತಿಲಾಚೆ ಬಿಟ್ಟು, ಆಮೇಲೆ ಮಗುವನ್ನೆತ್ತಿಕೊಳ್ಳುತ್ತಾನೆ.
ಮಡಿ ಎಂದರೇನೆಂದು
ನನಗೆ ಸರಿಯಾಗಿ ತಿಳಿದದ್ದು ಈ ಊರಲ್ಲಿ.

ಡೆಲ್ವೀನ್ ಎದ್ದಳು. "ನಿಮ್ಮ ಗೆರೆ ನನಗೆ ಗೊತ್ತು.
ಒದ್ದೆ ಬಟ್ಟೆ ಹಿಂಡಿ ನೋಡಿ.
ಮೊದಲ ತಿರುವಿಗೆ ಬಕೆಟ್ಟಿಗೆ ಧೋ ಎನ್ನುತ್ತದೆ.
ಎರಡನೆಯದಕ್ಕೆ ಒಂದು ಲೋಟ.
ಕೊನೆಯ ಹನಿಗೆ ಮಣಿಕಟ್ಟು ಉರಿಯುತ್ತದೆ.
ದುಬಾರಿ, ಒಪ್ಪಿದೆ.
ಆದರೆ ನೀವು ನಿಲ್ಲಿಸಿದಲ್ಲಿಂದ ನಾನು ಹಿಂಡುತ್ತಿದ್ದೇನೆ.
ಅದು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ?"

ಅವನು ಕನ್ನಡಕ ತೆಗೆದು ಒರೆಸಿದ.
ಒರೆಸುತ್ತಲೇ ಇದ್ದ.
"ಇಲ್ಲ," ಅಂದ. "ಅದನ್ನು ಸೇರಿಸಿಲ್ಲ."

ನಾನು ಕೆಜಿಎಫ್‌ನ ಸೈನೈಡ್ ದಿಬ್ಬಗಳ ಕೆಳಗೆ ಬೆಳೆದವಳು.
ಗಾಳಿ ಬೀಸಿದ ದಿನ ಮುಚ್ಚಿಟ್ಟ ಅನ್ನವೂ ಹಲ್ಲಿಗೆ ಕರಕರ.
ಚಿನ್ನದ ಬೆಲೆ ದಿನಾ ಪೇಪರಿನಲ್ಲಿ ಬರುತ್ತಿತ್ತು.
ದಿಬ್ಬದ್ದು ಒಂದು ದಿನವೂ ಬರಲಿಲ್ಲ.

ಈ ತಿಂಗಳು ಕೋಬಿಯ ಅಂಕಿ ಒಂದು ಇಳಿದಿದೆ.
ಕಾರ್ಖಾನೆಯ ಹೊಸ ಫಿಲ್ಟರೋ, ಎರಡು ದಿನ ಬಂದ ಮಳೆಯೋ,
ಈ ಮುದುಕಿಯ ರಟ್ಟೆಯೋ,
ಯಂತ್ರ ಅದನ್ನೂ ಹೇಳುವುದಿಲ್ಲ.
ಹೊರಡುವಾಗ ಡೆಲ್ವೀನ್ ಸಂಕೋಚದಿಂದ ಕೇಳಿದಳು,
ಮಣಿಕಟ್ಟಿಗೆ ಸುತ್ತಲು ಏನಾದರೂ ಇದೆಯೇ ಎಂದು.
ಕೊಟ್ಟೆ. ಸ್ಟಾಕ್ ಪುಸ್ತಕದಲ್ಲಿ ಬರೆದೆ: ಬ್ಯಾಂಡೇಜು, ಒಂದು.
ಖರ್ಚು ಯಾವ ಖಾತೆಗೆ ಎಂಬಲ್ಲಿ: ಚಿಮಣಿ.

ಸೋಮವಾರ ಸ್ಟೋರಿನಿಂದ ಫೋನು.
ಅಂಥ ಖಾತೆ ಇಲ್ಲವಂತೆ.