ತೊಗಟೆ ಬಿಡುವ ವಾರ

ಯೊರೂನ್ ಅಜ್ಜಿ ಫೋನಿನಲ್ಲಿ ಹಲೋ ಅನ್ನುವವಳಲ್ಲ.
"ಬಿಟ್ಟಿದೆ" ಅಂದಳು, ಇಟ್ಟಳು.
ಅಷ್ಟರಲ್ಲೇ ನಾನು ತಿಳಿದುಕೊಳ್ಳಬೇಕು:
ಹಿಮ ಕರಗಿದ ಹೊಳೆಯ ದಂಡೆಗೆ
ವಿಲ್ಲೋ ಕೊಂಬೆಯಲ್ಲಿ ರಸ ಏರಿದೆ,
ತೊಗಟೆಗೂ ಕಟ್ಟಿಗೆಗೂ ನಂಟು ಸಡಿಲಿದೆ.
ಎರಡು ವಾರ, ಹೆಚ್ಚೆಂದರೆ ಮೂರು.
ಆಮೇಲೆ ಬರುವ ವರ್ಷದ ತನಕ
ಉಗುರೂರಿದರೂ ಬಿಡದು.

ನಾನು ಊಡ್ವಾರ್. ವೈರಿಂಗ್ ಕೆಲಸದವನು.
ಟೆಲೆಮಾರ್ಕಿನ ಈ ಕಣಿವೆಯಲ್ಲಿ
ಯಾರ ಮನೆಯ ಫ್ಯೂಸು ಯಾವ ಗೋಡೆಯ ಹಿಂದೆ
ಕಣ್ಣು ಮುಚ್ಚಿ ಹೇಳಬಲ್ಲೆ.
ಕೊಳಲಿನ ವಿಷಯ ಕೇಳಬೇಡಿ.

ಅವಳು ಕೊಂಬೆಯ ಸುತ್ತ ಚಾಕುವಿನಿಂದ ಗೆರೆ ಎಳೆದಳು.
ಎಂಜಲು ಹಚ್ಚಿದಳು.
ಚಾಕುವಿನ ಹಿಡಿಯಿಂದ ಮೆಲ್ಲಗೆ, ಸುತ್ತಲೂ,
ಮಗುವಿನ ಬೆನ್ನು ತಟ್ಟಿ ತೇಗು ಬರಿಸುವ ಹಾಗೆ
ತಟ್ಟಿದಳು, ತಟ್ಟಿದಳು,
ಒಮ್ಮೆ ತಿರುಚಿದಳು: ಪುಳಕ್!
ಹಸಿರು ತೋಳೊಂದು ಕಳಚಿ ಕೈಗೆ ಬಂತು.
ಒಳಗಿನ ಕಟ್ಟಿಗೆ ಆಗಷ್ಟೇ ಮಿಂದ ಮೊಣಕೈ,
ಬೆಳ್ಳಗೆ, ಹಿಡಿದರೆ ಜಾರುತ್ತಿತ್ತು.

ಅದರದೇ ತುಂಡೊಂದು ಬಾಯಿಗೆ ಬಿರಡೆ.
ಬಿರಡೆಯ ನೆತ್ತಿ ಹೆರೆದು ಉಸಿರಿಗೆ ಸಂದು.
ಬೆರಳಿಡಲು ತೂತೇ ಇಲ್ಲ ಇದಕ್ಕೆ;
ತುದಿ ಮುಚ್ಚು, ತುದಿ ತೆರೆ,
ಉಸಿರು ಬಿಗಿ ಮಾಡು, ಸಡಿಲ ಬಿಡು. ಅಷ್ಟೇ.
ನುಡಿಸಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ
ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಮಲಗಿಸಿದಳು.

ನನಗೆ ಹುಳ ಹೊಕ್ಕಿತು.
ವ್ಯಾನಿನ ತುಂಬ ತಂತಿ ತೂರಿಸುವ ಬೂದು ಪೈಪು.
ಒಣಗದು, ಬಿರಿಯದು, ಫ್ರಿಜ್ಜು ಬೇಡ.
ಒಂದು ಮೊಳಕ್ಕಿಂತ ಚೂರು ಉದ್ದ ಕತ್ತರಿಸಿ
ಕಿಟಕಿ ಕೊರೆದು, ಬಿರಡೆ ಹಾಕಿ
ಊದಿದೆ. ಮೊದಲು ಬರೀ ಗಾಳಿ.
ಬಿರಡೆ ಒಂದು ಕೂದಲೆಳೆ ಹಿಂದೆ ಸರಿಸಿದೆ.
ಕೂಗಿತು!

ಶಾಲೆಯ ರಾಗ್ನಿ ಟೀಚರು ಪಿಯಾನೋ ಜೊತೆ ಹಿಡಿದು ನೋಡಿದರು.
"ಎಲ್ಲ ಸರಿ, ನಾಲ್ಕನೆಯದೊಂದು ಸೊಟ್ಟ.
ಬಿಳಿ ಮನೆಗೂ ಕರಿ ಮನೆಗೂ ನಡುವಿನ
ಸಂದಿನಲ್ಲಿ ಸಿಕ್ಕಿಕೊಂಡಿದೆ. ಸರಿ ಮಾಡ್ತೀರಾ?"
ಸರಿ ಮಾಡುವುದೇ ನನ್ನ ಹೊಟ್ಟೆಪಾಡು.

ಫೋನಿನಲ್ಲಿ ಸ್ವರ ಅಳೆಯುವ ಮುಳ್ಳು,
ಕೈಯಲ್ಲಿ ಗರಗಸ.
ಒಂದು ಬೆರಳಗಲ ಕತ್ತರಿಸಿದೆ:
ಸ್ವರಗಳೆಲ್ಲ ಒಟ್ಟಿಗೆ ಮೇಲೇರಿದವು,
ಅದೂ ಏರಿತು, ಅಷ್ಟೇ ಸೊಟ್ಟಗೆ.
ಇನ್ನೊಂದು ಬೆರಳು. ಇನ್ನರ್ಧ.
ಕತ್ತರಿಸಿದ್ದನ್ನು ಅಂಟಿಸುವ ಹಾಗಿಲ್ಲ.
ರಾತ್ರಿ ಹನ್ನೊಂದಕ್ಕೂ ಬೆಳಕಿರುವ ಜೂನು,
ಮೆಟ್ಟಿಲ ಮೇಲೆ ಬೂದು ಉಂಗುರಗಳ ರಾಶಿ.
ಕೊನೆಗೆ ಹೆಬ್ಬೆರಳುದ್ದ ಉಳಿಯಿತು.
ಸಿಟ್ಟಿನಲ್ಲಿ ಊದಿದೆ.
ಹೊಳೆಯಾಚೆ ತೂರೆಯವನ ಮೇಕೆಗಳೆಲ್ಲ
ತಲೆ ಎತ್ತಿ ನನ್ನನ್ನೇ ನೋಡಿದವು.

ಅಜ್ಜಿ ನಕ್ಕು ನಕ್ಕು ಕುರ್ಚಿ ಹಿಡಿದಳು.
"ನಮ್ಮಪ್ಪನ ಹಸುಗಳು
ಆ ಸೊಟ್ಟದ್ದಕ್ಕೇ ಓಗೊಡುತ್ತಿದ್ದವು ಮಾರಾಯ.
ಪಿಯಾನೋ ಹೊತ್ತುಕೊಂಡು ಯಾರು ಬೆಟ್ಟ ಹತ್ತಿದ್ದರು?"

ಮತ್ತೊಂದು ಮಾಡಿದೆ, ಪೂರಾ ಉದ್ದದ್ದು,
ಸೊಟ್ಟವನ್ನು ಸೊಟ್ಟವಾಗಿಯೇ ಬಿಟ್ಟು.
ಅವಳದು ಅಷ್ಟರಲ್ಲಿ ಬಿರಿದಿತ್ತು,
ಬೇಲಿಯ ಗೂಟದ ಮೇಲೆ ಇಟ್ಟಿದ್ದಳು.
ನನ್ನದನ್ನು ಕೊಟ್ಟೆ. ಊದಿದಳು, ತಲೆದೂಗಿದಳು,
ವಾಪಸ್ ಕೊಟ್ಟಳು.
"ಚೆನ್ನಾಗಿದೆ. ಯಾವಾಗ ಬೇಕಾದರೂ ನುಡಿಯುತ್ತದೆ.
ಅದಕ್ಕೆ ನಾನು ಕಾಯಬೇಕಾಗಿಲ್ಲವಲ್ಲ."
ಹೊಗಳಿದಳೋ ಬೈದಳೋ
ಇನ್ನೂ ಬಗೆಹರಿದಿಲ್ಲ.

ಜನವರಿಯಲ್ಲಿ ಅವಳ ಫ್ಯೂಸು ಹೋಯಿತು.
ಕತ್ತಲಲ್ಲಿ ಹಾಕಿಕೊಟ್ಟು ಬರುವಾಗ
ಹೊಳೆಯ ತಿರುವಿನಲ್ಲಿ ವ್ಯಾನು ನಿಲ್ಲಿಸಿದೆ.
ಕೈಗವಸು ಕಳಚಿ, ದೀಪದ ಬೆಳಕಿಗೆ ಬಾಗಿದ ಕೊಂಬೆಗೆ
ಹೆಬ್ಬೆರಳ ಉಗುರು ಒತ್ತಿದೆ.
ಬಿಟ್ಟಿಲ್ಲ.
ಗೊತ್ತಿತ್ತು.