ಸೂಜಿಯಷ್ಟು ಸಂದಿ

ನನ್ನ ಹೆಸರು ಅಮಸಿದ್ಧ, ಊರು ಸಂಖ.
ಎರಡರಲ್ಲೂ ಇರುವ ಒಂದಕ್ಷರ ನನಗೆ ಬರುತ್ತಿರಲಿಲ್ಲ.
ಅಮತಿದ್ಧ, ತಂಖ ಅನ್ನುತ್ತಿದ್ದೆ. ಜತ್ತದ ಸ್ಟ್ಯಾಂಡಿನಲ್ಲಿ
ಕಂಡಕ್ಟರ್ ಕಿವಿಗೆ ಕೈ ಹಚ್ಚಿ "ಕುಠೇ? ಕುಠೇ?" ಅಂತ
ಬಸ್ಸಿನ ಮಂದಿಗೆಲ್ಲ ಕೇಳುವಂತೆ ಕೇಳುತ್ತಿದ್ದ.

ಸಾಲಿಯಲ್ಲಿ ಬಿರಾಜದಾರ ಅಕ್ಕೋರು ಹಲಗೆಯ ಮೇಲೆ
ಶ ಷ ಸ ಹ ಬರೆದು, ಇವು ಊಷ್ಮ, ಊಷ್ಮ ಅಂದರೆ ಬಿಸಿ, ಅಂದರು.
ಬಿಸಿಗಾಗಿ ಬಾಯೊಳಗೆಲ್ಲ ಹುಡುಕಿದೆ.
ಸಿಕ್ಕಿದ್ದು ಅದೇ ತ.

ಉಮದಿ ರಸ್ತೆಗೆ ಲಾಡ್ಲೇಸಾಬನ ಪಂಕ್ಚರ್ ಅಂಗಡಿ.
ಜಾಲಿಮುಳ್ಳಿನ ಸೀಮೆ, ಅವನ ಕೆಲಸಕ್ಕೆ ಬರವಿಲ್ಲ.
ಟ್ಯೂಬು ಉಬ್ಬಿಸಿ, ನೀರಿಗೆ ಅದ್ದುವ ಮೊದಲು
ಕೆನ್ನೆಯ ಹತ್ತಿರ ತಂದು ಮೆಲ್ಲಗೆ ತಿರುಗಿಸುತ್ತಾನೆ.
ಒಂದು ಕಡೆ ಗಡ್ಡದ ಕೂದಲು ಅಲುಗುತ್ತದೆ:
ಅಲ್ಲೇ.

"ಇಲ್ಲಿ ಕೇಳು" ಅಂದ.
ತೂತಿನ ಮೇಲೆ ಹೆಬ್ಬೆರಳೊತ್ತಿದ. ಸುಮ್ಮನಾಯಿತು.
"ಇದು ನಿನ್ನ ತ. ಹಲ್ಲಿಗೆ ನಾಲಗಿ ಮೆತ್ತಿಬಿಡ್ತಿ,
ಹವಾ ಎಲ್ಲಿಂದ ಹೋಗಬೇಕು?"
ವಾಲ್ವು ಪೂರಾ ಬಿಚ್ಚಿದ. ಹಾ ಅಂತ ಟ್ಯೂಬು ಮಲಗಿತು.
"ಇಷ್ಟೂ ಬಿಡಬ್ಯಾಡ. ಸೂಜಿ ಹೋಗೋವಷ್ಟು ಸಂದಿ ಇಡು,
ನಾಲಗಿ ನಡುವ ಒಂದೀಟು ತಗ್ಗು ಮಾಡು, ಕಾಲುವಿ ಹಂಗ.
ಹವಾಕ್ಕ ಇಕ್ಕಟ್ಟಾಗಬೇಕು, ಆದರ ತಾನಾಗೇ ಒದರತದ.
ಇನ್ನೊಂದು ಬೆರಳು ಹಿಂದಕ್ಕ ಜರುಗಿದಿ, ಶ ಆತು.
ಅದು ಕೋಳಿ ಓಡಸಾಕ."

ಎಂಟು ದಿನ ಪಂಪಿನ ಪಕ್ಕ ಕೂತೆ.
ಥ ಬಂತು. ಫ಼ ಬಂತು, ಅದು ಅವನ ಮನೆಮಾತಿನದು.
ಉಗುಳು ಬಂತು. ಒಂಬತ್ತನೆಯ ದಿನ
ಹಲ್ಲ ಹಿಂದೆ ಏನೋ ಹರಿಯಿತು, ದಾರದ ಹಾಗೆ ಸಣ್ಣಗೆ.
ಅಂಗೈ ಒಡ್ಡಿದೆ. ತಣ್ಣಗಿತ್ತು!
ಹ ಅಂದೆ, ಬಿಸಿ. ಸ ಅಂದೆ, ನೀರಗಡಿಗೆಯ ಹೊರಮೈ.
ನಾಲ್ಕರಲ್ಲಿ ಒಂದಕ್ಕೇ ಜ್ವರ.
ಅಕ್ಕೋರಿಗೆ ಹೇಳಬೇಕೆಂದು ಓಡಿದೆ,
ಅರ್ಧ ದಾರಿಗೆ ನೆನಪಾಯಿತು, ಇವತ್ತು ರವಿವಾರ.

ಮುಂದಿನ ಸಂತೆಗೆ ಜತ್ತದಿಂದ ತಿರುಗಿ ಬರುವಾಗ
"ಸಂಖ, ಒಂದು ಅರ್ಧ" ಅಂದೆ.
ಕಂಡಕ್ಟರ್ ತಲೆ ಎತ್ತಲಿಲ್ಲ. ಟಿಕೀಟು ಹರಿದುಕೊಟ್ಟು
ಹಿಂದಿನ ಸೀಟಿಗೆ ಹೋದ.
ಅವ್ವ ಉಳ್ಳಾಗಡ್ಡಿ ಚೀಲ ಕಾಲಡಿಗೆ ಸರಿಸುತ್ತಿದ್ದಳು.
ಕಿಟಕಿಯ ಗಾಜು ಪೂರಾ ಮುಚ್ಚುತ್ತಿರಲಿಲ್ಲ,
ಮುಚಂಡಿ ದಾಟುವವರೆಗೂ ಆ ಸಂದಿಯಿಂದ
ಊರ ಹೆಸರಿನ ಮೊದಲಕ್ಷರ ಒಂದೇ ಸಮ ಬರುತ್ತಿತ್ತು,
ಉಳಿದದ್ದು ಬರಲಿಲ್ಲ.